ಅಪ್‌ಡೇಟ್: ಮೊಲಗಳನ್ನು ಒಟ್ಟಿಗೆ ಬಿಟ್ಟು ಆರು ತಿಂಗಳಾಯ್ತು

ಪಂಜರದಲ್ಲಿದ್ದ ನಾಲ್ಕು ಹೆಣ್ಣು, ಒಂದು ಗಂಡು ಮೊಲವನ್ನು ಹಳೇ ದನದ ಕೊಟ್ಟಿಗೆಯಲ್ಲಿ ಒಟ್ಟಿಗೆ ಬಿಡಬಹುದಾ ಅಂತ ಇಲ್ಲಿ ಕೇಳಿದ್ದೆ. ಬಿಡಿ, ಆದರೆ ನೆಲಕ್ಕೆ ಜಾಲರಿ ಹಾಕಿ, ಗಂಡು ಮೊಲ ಬೇರೆ ಇರಲಿ ಅಂದಿದ್ರಿ. ಜಾಲರಿ ಹಾಕಿದೆ. ಎರಡನೆಯದನ್ನು ಕೇಳಲಿಲ್ಲ, ನನ್ನದೇ ತಪ್ಪು.

ಮೊದಲ ವಾರ ಜಗಳವೋ ಜಗಳ. ಹೆಣ್ಣುಗಳೇ ಒಂದನ್ನೊಂದು ಅಟ್ಟಾಡಿಸಿ ಬಾಯ್ತುಂಬ ಕೂದಲು ಕಿತ್ತವು. ಮರದ ಪೆಟ್ಟಿಗೆ, ಎರಡೂ ಕಡೆ ತೆರೆದಿರೋ ದಪ್ಪ ಪೈಪು ಇಟ್ಟ ಮೇಲೆ ತಣ್ಣಗಾಯ್ತು. ತಪ್ಪಿಸಿಕೊಳ್ಳಲು ದಾರಿ ಬೇಕು, ಅಲ್ವಾ.

ಆಮೇಲೆ ಆಗಿದ್ದು ಬೇಜಾರಿನ ಸಂಗತಿ. ಒಂದು ಮೊಲ ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಿ, 31ನೇ ದಿನಕ್ಕೆ ಇನ್ನೊಂದು ಸೂಲು ಹಾಕಿತು. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುವಷ್ಟು ಸೊರಗಿತ್ತು. ಏಳು ಮರಿಗಳಲ್ಲಿ ಮೂರೇ ಉಳಿದವು. ಅವತ್ತೇ ಗಂಡು ಮೊಲವನ್ನು ಬೇರೆ ಮಾಡಿ, ನಡುವೆ ಜಾಲರಿ ಹಾಕಿದೆ. ದಯವಿಟ್ಟು ನೀವು ಮೊದಲ ದಿನವೇ ಹಾಕಿ.

ಮಳೆಗಾಲದಲ್ಲಿ ನೆಲ ಒದ್ದೆಯಾದರೆ ಮರಿಗಳಿಗೆ ಭೇದಿ ಜಾಸ್ತಿ. ದಿನಾ ಒಣಹುಲ್ಲು ಬದಲಿಸುತ್ತೇನೆ. ಪಂಜರಕ್ಕಿಂತ ಕೆಲಸ ಹೆಚ್ಚೇ, ಸುಳ್ಳು ಹೇಳಲ್ಲ.

ತಿಂಗಳ ಹಿಂದೆ ಗಟ್ಟಿಮುಟ್ಟಾದ ಒಂದನ್ನು ಮಾತ್ರ ಗಂಡಿನ ಹತ್ತಿರ ಬಿಟ್ಟಿದ್ದೆ. ನಿನ್ನೆ ಸಂಜೆ ಅದು ತನ್ನ ಎದೆಯ ಕೂದಲು ಕಿತ್ತು ಪೆಟ್ಟಿಗೆಯೊಳಗೆ ಹಾಸುತ್ತಿತ್ತು. ಉಳಿದ ಮೂರು ಪಕ್ಕದಲ್ಲೇ ಒಂದಕ್ಕೊಂದು ಒರಗಿ, ಹಿಂಗಾಲು ಚಾಚಿ ಮಲಗಿದ್ದವು. ಪಂಜರದಲ್ಲಿದ್ದಾಗ ಒಂದು ದಿನವೂ ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.