ವೈಫೈ ಸರಿಯಿದೆ, ಬ್ಲೂಟೂತ್ ಮಾತ್ರ ಮಾಯ: ವಿಂಡೋಸ್ 11, ಕೋಡ್ 43

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಸ್ಲೀಪ್‌ನಿಂದ ಎದ್ದ ಮೇಲೆ ಬ್ಲೂಟೂತ್ ಹೋಗಿಬಿಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡುವ ಸ್ವಿಚ್ಚೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ವಿಭಾಗ ಕಾಣುತ್ತಿಲ್ಲ; ಯುಎಸ್‌ಬಿ ಕಂಟ್ರೋಲರ್‌ಗಳ ಪಟ್ಟಿಯಲ್ಲಿ ಹಳದಿ ಗುರುತಿನ ಜೊತೆ ‘ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಅಂತ ಬರುತ್ತಿದೆ, ಕೋಡ್ 43. ವೈಫೈಗೆ ಏನೂ ಆಗಿಲ್ಲ. ಟ್ರಬಲ್‌ಶೂಟರ್ ಓಡಿಸಿ, ರೀಸ್ಟಾರ್ಟ್ ಮಾಡಿ, ಬ್ಲೂಟೂತ್ ಡ್ರೈವರ್ ಮತ್ತೆ ಹಾಕಿದ್ದಾಯಿತು. ಸೆಟಪ್ ತಕರಾರಿಲ್ಲದೆ ಮುಗಿಯುತ್ತದೆ, ಆದರೆ ಪ್ರಯೋಜನ ಇಲ್ಲ. ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಕಾರ್ಡ್‌ನಲ್ಲಿ ಇರುತ್ತವಂತೆ. ಹಾಗಿದ್ದರೆ ಒಂದು ಮಾತ್ರ ಕೆಡುವುದು ಹೇಗೆ?

ಉತ್ತರ

ಕಾರ್ಡ್ ಒಂದೇ, ಆದರೆ ದಾರಿ ಎರಡು. ಎಂ.2 ಸ್ಲಾಟ್‌ನಲ್ಲಿ ಕೂರುವ ಈ ಕಾರ್ಡ್‌ಗಳಲ್ಲಿ ವೈಫೈ ಭಾಗ ಪಿಸಿಐಇ ಎಂಬ ವೇಗದ ಸಂಪರ್ಕದ ಮೂಲಕ (ಇಂಟೆಲ್‌ನ ಎಎಕ್ಸ್201 ಥರದವುಗಳಲ್ಲಿ ಸಿಎನ್‌ವಿಐ ಎಂಬ ಇಂಟೆಲ್‌ನದೇ ಸಂಪರ್ಕದ ಮೂಲಕ) ಮಾತಾಡುತ್ತದೆ. ಬ್ಲೂಟೂತ್ ಭಾಗ ಸಾಮಾನ್ಯವಾಗಿ ಅದೇ ಸ್ಲಾಟ್‌ನೊಳಗಿನ ಯುಎಸ್‌ಬಿ ತಂತಿಗಳಲ್ಲಿ ಮಾತಾಡುತ್ತದೆ. ಅಂದರೆ ವಿಂಡೋಸ್ ಪಾಲಿಗೆ ನಿಮ್ಮ ಬ್ಲೂಟೂತ್ ಒಳಗೇ ಚುಚ್ಚಿಟ್ಟ ಒಂದು ಯುಎಸ್‌ಬಿ ಸಾಧನ.

ಯುಎಸ್‌ಬಿ ಸಾಧನ ಸಿಕ್ಕ ಕೂಡಲೇ ಕಂಪ್ಯೂಟರ್ ‘ನೀನು ಯಾರು’ ಎಂದು ಕೇಳುತ್ತದೆ. ಅದಕ್ಕೆ ಬರುವ ಉತ್ತರವೇ ಡಿಸ್ಕ್ರಿಪ್ಟರ್. ನಿಮ್ಮಲ್ಲಿ ಆ ಉತ್ತರವೇ ಬರುತ್ತಿಲ್ಲ. ಖಾತ್ರಿ ಮಾಡಿಕೊಳ್ಳಲು ಆ ಅನ್‌ನೋನ್ ಡಿವೈಸ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್, ಮೇಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡ್ಸ್. ಅಲ್ಲಿ ವಿಐಡಿ (ತಯಾರಕರ ಸಂಖ್ಯೆ) 0000, ಪಿಐಡಿ (ಸಾಧನದ ಸಂಖ್ಯೆ) 0002 ಎಂದಿದ್ದರೆ ಚಿಪ್ ತನ್ನ ಹೆಸರನ್ನೂ ಹೇಳಿಲ್ಲ ಎಂದರ್ಥ. ಹೆಸರು ಗೊತ್ತಿಲ್ಲದ ಮೇಲೆ ವಿಂಡೋಸ್ ಯಾವ ಡ್ರೈವರ್ ಜೋಡಿಸಬೇಕು? ಸೆಟಪ್ ಸರಾಗವಾಗಿ ಮುಗಿದೂ ಏನೂ ಬದಲಾಗದೆ ಇರುವುದು ಇದಕ್ಕೇ. ಈ ಹಂತದಲ್ಲಿ ದಯವಿಟ್ಟು ಡ್ರೈವರ್ ಹುಡುಕುವುದನ್ನು ನಿಲ್ಲಿಸಿ. ‘ಡ್ರೈವರ್ ಅಪ್‌ಡೇಟರ್’ ಎಂದು ದುಡ್ಡು ಕೇಳುವ ಆ್ಯಪ್‌ಗಳ ಹತ್ತಿರವಂತೂ ಸುಳಿಯಬೇಡಿ.

ಹೀಗಾಗುವುದಕ್ಕೆ ಸಾಮಾನ್ಯ ಕಾರಣ, ಚಿಪ್ ಒಳಗಿನ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿರುವುದು. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸದಾಗಿ ಶುರುವಾಗುತ್ತದೆ, ಆದರೆ ಆ ಸ್ಲಾಟ್‌ಗೆ ಹೋಗುವ 3.3 ವೋಲ್ಟ್ ಕರೆಂಟ್ ಎಷ್ಟೋ ಮಾದರಿಗಳಲ್ಲಿ ಕಡಿತವಾಗುವುದಿಲ್ಲ. ಸಿಕ್ಕಿಕೊಂಡ ಚಿಪ್ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕರೆಂಟನ್ನು ಪೂರ್ತಿ ಇಳಿಸಬೇಕು:

1. ಚಾರ್ಜರ್, ಮೌಸ್, ಪೆನ್‌ಡ್ರೈವ್, ಡಾಕ್ ಎಲ್ಲ ಕಿತ್ತುಬಿಡಿ.
2. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮೆನುವಿನ ಶಟ್ ಡೌನ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಬರೀ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಕರ್ನಲ್ (ತಿರುಳು ಭಾಗ) ಡಿಸ್ಕ್‌ಗೆ ಉಳಿದು ಅಲ್ಲಿಂದಲೇ ಏಳುತ್ತದೆ. ಶಿಫ್ಟ್ ಹಿಡಿದರೆ ಮಾತ್ರ ನಿಜವಾದ ಶಟ್ ಡೌನ್.
3. ಪೂರ್ತಿ ಆಫ್ ಆದ ಮೇಲೆ ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ನಡುವೆ ದೀಪ ಹತ್ತಿ ಆರಿದರೂ ಬೆರಳು ತೆಗೆಯಬೇಡಿ.
4. ಐದು ನಿಮಿಷ ಬಿಟ್ಟು ಚಾರ್ಜರ್ ಹಾಕಿ ಆನ್ ಮಾಡಿ.

ಬ್ಯಾಟರಿ ಒಳಗೇ ಕೂತಿರುವ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೆ ಕೆಲವೊಮ್ಮೆ ಬಗ್ಗುವುದಿಲ್ಲ. ಥಿಂಕ್‌ಪ್ಯಾಡ್‌ಗಳಲ್ಲಾದರೆ ಬಯೋಸ್‌ನ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಕಾನ್ಫಿಗ್, ಪವರ್ ಒಳಗೆ ‘ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ’ ಇದೆ. ಅದನ್ನು ಒತ್ತಿದರೆ ಯಂತ್ರ ಆಫ್ ಆಗಿ, ಮತ್ತೆ ಚಾರ್ಜರ್ ಚುಚ್ಚುವವರೆಗೆ ಬ್ಯಾಟರಿ ಸಂಪರ್ಕ ಕಡಿದೇ ಇರುತ್ತದೆ. ಕೆಲವು ಮಾದರಿಗಳ ತಳದಲ್ಲಿ ಪೇಪರ್ ಕ್ಲಿಪ್ ತುದಿ ಹೋಗುವಷ್ಟು ಚಿಕ್ಕ ರೀಸೆಟ್ ರಂಧ್ರ ಇರುತ್ತದೆ. ಎರಡೂ ಇಲ್ಲವಾದರೆ ಬ್ಯಾಟರಿ ತಾನಾಗಿ ಖಾಲಿಯಾಗಿ ಆಫ್ ಆಗುವವರೆಗೆ ಬಿಟ್ಟು, ಆಮೇಲೆ 3ನೇ ಹಂತ ಮಾಡಿ. ನಿಧಾನ ನಿಜ, ಆದರೆ ಲ್ಯಾಪ್‌ಟಾಪ್ ಬಿಚ್ಚುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದೇ.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದ ಸರ್. ನೀವು ಹೇಳಿದ ಹಾಗೆ ಐಡಿ 0000, 0002 ಇತ್ತು. ಮೊದಲ ಸಲ ಬರಲಿಲ್ಲ. ಬ್ಯಾಟರಿ ಪೂರ್ತಿ ಖಾಲಿ ಮಾಡಿ ಬಟನ್ ಹಿಡಿದ ಮೇಲೆ ಬ್ಲೂಟೂತ್ ವಿಭಾಗ ವಾಪಸ್ ಬಂತು. ಆದರೆ ಅಡಾಪ್ಟರ್ ಹೆಸರು ‘ಜೆನೆರಿಕ್ ಬ್ಲೂಟೂತ್ ಅಡಾಪ್ಟರ್’ ಅಂತಿದೆ, ಸಾಧನ ಶುರುವಾಗುತ್ತಿಲ್ಲ ಎನ್ನುವ ಕೋಡ್ 10. ಮೌಸ್ ಜೋಡಿಯಾಗುತ್ತಿಲ್ಲ.

ಉತ್ತರ

ಒಳ್ಳೆಯದಾಯಿತು, ಚಿಪ್ ಮಾತಾಡುತ್ತಿದೆ. ಡ್ರೈವರ್ ಪ್ರಶ್ನೆ ಬರುವುದು ಈಗ. ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್ ಕೂತಿದೆ. ಚಿಪ್‌ಗೆ ಬೇಕಾದ ಫರ್ಮ್‌ವೇರನ್ನು ತುಂಬಿಸಲು ಅದಕ್ಕೆ ಬರುವುದಿಲ್ಲ. ಮತ್ತೆ ಹಾರ್ಡ್‌ವೇರ್ ಐಡ್ಸ್ ನೋಡಿ. ವಿಐಡಿ 8087 ಇದ್ದರೆ ಇಂಟೆಲ್: ಪಿಐಡಿ 0029 ಎಎಕ್ಸ್200, 0026 ಎಎಕ್ಸ್201, 0032 ಎಎಕ್ಸ್210. 0ಬಿಡಿಎ ರಿಯಲ್‌ಟೆಕ್, 0ಇ8ಡಿ ಮೀಡಿಯಾಟೆಕ್. 13ಡಿ3, 04ಸಿಎ ಅಥವಾ 0489 ಬಂದರೆ ಅದು ಕಾರ್ಡ್ ಜೋಡಿಸಿದ ಕಂಪನಿಯ ಸಂಖ್ಯೆ, ಒಳಗಿನ ಚಿಪ್ ಬೇರೆಯವರದ್ದು. ಅಂಥದ್ದಕ್ಕೆ ಲ್ಯಾಪ್‌ಟಾಪ್ ಕಂಪನಿಯ ಪುಟದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಹಾಕಿ ಸಿಗುವ ಡ್ರೈವರೇ ಸರಿ. ರಿಯಲ್‌ಟೆಕ್, ಮೀಡಿಯಾಟೆಕ್‌ಗೂ ಅದೇ ದಾರಿ. ಇಂಟೆಲ್‌ಗೆ ಮಾತ್ರ ಇಂಟೆಲ್ ಸೈಟಿನಿಂದಲೂ ತರಬಹುದು. ಅಲ್ಲಿ ವೈಫೈ ಪ್ಯಾಕೇಜ್ ಬೇರೆ, ಬ್ಲೂಟೂತ್ ಪ್ಯಾಕೇಜ್ ಬೇರೆ ಎಂಬುದು ನೆನಪಿರಲಿ.

ಹಾಕುವ ಕ್ರಮ ಮುಖ್ಯ. ಮೊದಲು ಡ್ರೈವರ್ ಇಳಿಸಿಟ್ಟುಕೊಳ್ಳಿ. ಆಮೇಲೆ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ನೀವು ತೆಗೆದ ಮರುಗಳಿಗೆಯೇ ವಿಂಡೋಸ್ ಅಪ್‌ಡೇಟ್ ತನ್ನದನ್ನು ತಂದು ಕೂರಿಸುತ್ತದೆ. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಆನ್ ಮಾಡಿ, ಅಡಾಪ್ಟರ್ ಮೇಲೆ ಬಲ ಕ್ಲಿಕ್, ಅನ್‌ಇನ್‌ಸ್ಟಾಲ್ ಡಿವೈಸ್. ಡ್ರೈವರನ್ನೂ ತೆಗೆಯಲು ಕೇಳುವ ಚೌಕ ಕಂಡರೆ ಟಿಕ್ ಮಾಡಿ. ಟಿಕ್ ಮಾಡದೆ ಹೋದರೆ ಹಳೇ ಫೈಲ್ ಅಲ್ಲೇ ಉಳಿದು, ಮುಂದಿನ ಸಲ ಅದೇ ಎದ್ದು ಕೂರುತ್ತದೆ. ಶಿಫ್ಟ್ ಹಿಡಿದು ಶಟ್ ಡೌನ್, ಆನ್, ಸೆಟಪ್, ಕೊನೆಗೆ ವೈಫೈ. ಸ್ವಿಚ್ ಬಂದರೂ ಏನೂ ಜೋಡಿಯಾಗದಿದ್ದರೆ ಸರ್ವೀಸಸ್ ತೆರೆದು ‘ಬ್ಲೂಟೂತ್ ಸಪೋರ್ಟ್ ಸರ್ವೀಸ್’ ಓಡುತ್ತಿದೆಯೇ ನೋಡಿ. ಸ್ಟಾರ್ಟಪ್ ಬಗೆ ಮ್ಯಾನುಯಲ್ ಇರುವುದೇ ಸರಿ, ಡಿಸೇಬಲ್ಡ್ ಇದ್ದರೆ ತಪ್ಪು.

ಮರುಕಳಿಸದ ಹಾಗೆ ಎರಡು ಕೆಲಸ. ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ಕರೆಂಟ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ (ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬ್ ಇರುವುದಿಲ್ಲ). ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒಳಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಪ್ರಶ್ನೆ ಕೇಳಿದವರಿಂದ

ಡ್ರೈವರ್ ಕೂತಿತು, ಮೌಸ್ ಜೋಡಿಯಾಯಿತು. ಇದು ಮತ್ತೆ ಮತ್ತೆ ಬಂದರೆ ಕಾರ್ಡ್ ಹೋಗಿದೆ ಎಂದು ತಿಳಿಯುವುದು ಹೇಗೆ?

ಉತ್ತರ

ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಮೂಲ ‘ಬಿಟಿಎಚ್‌ಯುಎಸ್‌ಬಿ’, ಈವೆಂಟ್ ಐಡಿ 17 ಎಂದು ಬಂದಿದ್ದರೆ ಅಡಾಪ್ಟರ್ ಕೈಕೊಟ್ಟಿತು, ಡ್ರೈವರನ್ನು ಇಳಿಸಲಾಯಿತು ಎಂದರ್ಥ. ಆಗೊಮ್ಮೆ ಈಗೊಮ್ಮೆ ಬಂದರೆ ಚಿಂತೆ ಬೇಡ. ಹೊಸ ಡ್ರೈವರ್ ಹಾಕಿದ ಮೇಲೂ ದಿನಾ ಬರುತ್ತಿದ್ದರೆ, ಪೆನ್‌ಡ್ರೈವ್‌ನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್) ಬೂಟ್ ಮಾಡಿ ನೋಡಿ. ಅಲ್ಲೂ ಕರ್ನಲ್ ಲಾಗ್‌ನಲ್ಲಿ ಡಿಸ್ಕ್ರಿಪ್ಟರ್ ಓದಲಾಗಲಿಲ್ಲ, ಎರರ್ -110 ಅಥವಾ -71 ಎಂದು ಬಂದರೆ ವಿಂಡೋಸ್ ತಪ್ಪಲ್ಲ. ಕಾರ್ಡ್ ಬಿಚ್ಚಿ ಸರಿಯಾಗಿ ಕೂರಿಸಿ, ಆಗಲೂ ಆಗದಿದ್ದರೆ ಬದಲಿಸಿ. ಬದಲಿಸುವಾಗ ಎಎಕ್ಸ್201, ಎಎಕ್ಸ್211 ತರಬೇಡಿ, ನಿಮ್ಮಲ್ಲಿ ಈಗ ಅದೇ ಇದ್ದರೆ ಮಾತ್ರ ಸರಿ: ಅವು ಹೊಂದುವ ಇಂಟೆಲ್ ಪ್ರೊಸೆಸರ್ ಇದ್ದರೆ ಮಾತ್ರ ನಡೆಯುತ್ತವೆ. ಎಎಕ್ಸ್210 ಪಿಸಿಐಇ ಕಾರ್ಡ್, ಎಎಂಡಿ ಯಂತ್ರಗಳಲ್ಲೂ ಬರುತ್ತದೆ. ಕಾರ್ಡನ್ನು ಬೋರ್ಡ್‌ಗೇ ಬೆಸುಗೆ ಹಾಕಿರುವ ತೆಳು ಲ್ಯಾಪ್‌ಟಾಪ್‌ಗಳೂ ಇವೆ. ಖರೀದಿಸುವ ಮೊದಲು ಹಿಂಬದಿ ಬಿಚ್ಚಿ ನೋಡಿ.

ಮತ್ತೊಬ್ಬರ ಪ್ರಶ್ನೆ

ನನ್ನದು ಡೆಸ್ಕ್‌ಟಾಪ್. ಪಿಸಿಐಇ ವೈಫೈ-ಬ್ಲೂಟೂತ್ ಕಾರ್ಡ್ ಹಾಕಿದ್ದೇನೆ. ವೈಫೈ ಬಂತು, ಬ್ಲೂಟೂತ್ ಬರಲೇ ಇಲ್ಲ. ಕೋಡ್ 43 ಕೂಡ ಇಲ್ಲ, ಏನೂ ಇಲ್ಲ.

ಉತ್ತರ

ಕಾರ್ಡ್ ಜೊತೆ ಪೆಟ್ಟಿಗೆಯಲ್ಲಿ ಒಂದು ತೆಳು ಕೇಬಲ್ ಇತ್ತಲ್ಲ, ಅದನ್ನು ಜೋಡಿಸಿಲ್ಲ ಅನಿಸುತ್ತದೆ. ಪಿಸಿಐಇ ಸ್ಲಾಟ್‌ನಲ್ಲಿ ಯುಎಸ್‌ಬಿ ತಂತಿ ಇರುವುದಿಲ್ಲ. ಹಾಗಾಗಿ ಬ್ಲೂಟೂತ್‌ಗೆ ಮದರ್‌ಬೋರ್ಡ್‌ನ 9 ಪಿನ್ನಿನ ಯುಎಸ್‌ಬಿ 2.0 ಹೆಡರ್‌ಗೆ (ಕೇಬಲ್ ಚುಚ್ಚುವ ಪಿನ್‌ಗಳ ಗುಂಪು) ಬೇರೆ ಕೇಬಲ್ ಎಳೆಯಬೇಕು. 19 ಪಿನ್ನಿನ ದೊಡ್ಡದು ಯುಎಸ್‌ಬಿ 3, ಅದಕ್ಕಲ್ಲ. ಕರೆಂಟ್ ತೆಗೆದು, ಪಿನ್ ಇಲ್ಲದ ಮೂಲೆ ನೋಡಿ ಹೊಂದಿಸಿ, ತಿರುಗಿಸಿ ಒತ್ತಬೇಡಿ. ಕೇಸ್‌ನ ಮುಂದಿನ ಪೋರ್ಟ್‌ಗಳು ಹೆಡರ್‌ಗಳನ್ನೆಲ್ಲ ಹಿಡಿದಿದ್ದರೆ ಹೆಡರ್ ಸ್ಪ್ಲಿಟರ್ ಸಿಗುತ್ತದೆ. ಹಿಂದಿನ ಎರಡು ಆಂಟೆನಾಗಳನ್ನೂ ತಿರುಗಿಸಿ ಹಾಕಿ, ಅವಿಲ್ಲದೆ ಮೌಸ್ ಒಂದು ಅಡಿ ದೂರಕ್ಕೇ ತಡವರಿಸುತ್ತದೆ.

ಕೇಬಲ್ ಬೇಡ, ಯುಎಸ್‌ಬಿ ಪೋರ್ಟ್‌ಗೆ ಚುಚ್ಚುವ ಡಾಂಗಲ್ ಸಾಕು ಎನ್ನುವವರಿಗೆ: ಐಡಿ 0ಎ12, 0001 ಎಂದು ತೋರಿಸುವ ಅಗ್ಗದ ‘ಸಿಎಸ್‌ಆರ್ 4.0’ ಡಾಂಗಲ್‌ಗಳಲ್ಲಿ ನಕಲಿ ಚಿಪ್‌ಗಳು ಬಹಳ. ಅವು ವಿಂಡೋಸ್ 10, 11ರಲ್ಲಿ ಕೋಡ್ 10 ಕೊಟ್ಟರೆ ಡ್ರೈವರ್ ಹುಡುಕಿ ದಣಿಯಬೇಡಿ, ಬದಲಿಸಿ. ರಿಯಲ್‌ಟೆಕ್ 8761ಬಿ ಚಿಪ್ ಇರುವ ಡಾಂಗಲ್ ನೋಡಿ ತನ್ನಿ. ವಿಂಡೋಸ್ ಒಂದು ಹೊತ್ತಿಗೆ ಒಂದೇ ಬ್ಲೂಟೂತ್ ರೇಡಿಯೋ ಓಡಿಸುತ್ತದೆ. ಹಳೆಯದನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿಯೇ ಹೊಸದನ್ನು ಚುಚ್ಚಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಪಕ್ಕ ಬೇಡ. ಯುಎಸ್‌ಬಿ 3ರಲ್ಲಿ ಫೈಲ್ ಕಾಪಿ ಆಗುವಾಗ ಹೊಮ್ಮುವ ಗದ್ದಲ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ಬಂದು ಬೀಳುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಟೇಬಲ್ ಮೇಲೆ ತಂದಿಡಿ.

ಇನ್ನೊಂದು ಸಣ್ಣ ಪ್ರಶ್ನೆ

ಮೀಟಿಂಗ್ ಶುರುವಾದ ತಕ್ಷಣ ಹೆಡ್‌ಫೋನ್ ದನಿ ಹಳೇ ಟೆಲಿಫೋನ್ ಥರ ಆಗುತ್ತದೆ. ಇದೂ ಡ್ರೈವರ್ ಸಮಸ್ಯೆಯೇ?

ಉತ್ತರ

ಅಲ್ಲ. ಹಾಡು ಕೇಳುವಾಗ ಎ2ಡಿಪಿ ಎಂಬ ಸ್ಟೀರಿಯೋ ದಾರಿ. ಯಾವುದಾದರೂ ಆ್ಯಪ್ ಹೆಡ್‌ಫೋನಿನ ಮೈಕ್ ತೆರೆದ ಕೂಡಲೇ ಹ್ಯಾಂಡ್ಸ್-ಫ್ರೀ ದಾರಿಗೆ ಬದಲಾಗುತ್ತದೆ; ಅದು ಮೊನೋ, ಸ್ಯಾಂಪ್ಲಿಂಗ್ 8 ಅಥವಾ 16 ಕಿಲೋಹರ್ಟ್ಸ್ ಮಾತ್ರ. ಮೀಟಿಂಗ್ ಆ್ಯಪ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನದನ್ನು, ಸ್ಪೀಕರ್ ಜಾಗದಲ್ಲಿ ಹೆಡ್‌ಫೋನನ್ನು ಆರಿಸಿ. ಕರೆಯ ನಡುವೆಯೇ ಬದಲಿಸಿದರೂ ಆಗುತ್ತದೆ, ಕೆಲವೇ ಸೆಕೆಂಡಿನಲ್ಲಿ ದನಿ ತಿಳಿಯಾಗುತ್ತದೆ.