80 ಲೀಟರ್ ರೀಫ್ ಟ್ಯಾಂಕಿಗೆ ಪಾಚಿ ತಿನ್ನುವ ಮೀನು ಯಾವುದು?

ಪ್ರಶ್ನೆ: ನಮಸ್ತೆ ಸರ್. ನನ್ನದು 80 ಲೀಟರಿನ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ), ಶುರುಮಾಡಿ ಐದು ತಿಂಗಳಾಯಿತು. ಒಂದು ಜೊತೆ ಕ್ಲೌನ್ ಮೀನು, ಸ್ವಲ್ಪ ಝೋವಾ (ಗುಂಪಾಗಿ ಬೆಳೆಯುವ, ಹವಳದಂಥ ಜೀವಿ), ಒಂದೆರಡು ಮೆದು ಹವಳ ಇವೆ. ಎರಡು ದಿನ ಬಿಟ್ಟರೆ ಗಾಜಿನ ಮೇಲೆ ಹಸಿರು ಪೊರೆ ಕಟ್ಟುತ್ತದೆ. ಕಲ್ಲಿನ ಮೇಲಂತೂ ಅರ್ಧ ಬೆರಳುದ್ದದ ಹಸಿರು ಕೂದಲು. ನೀರಿನಲ್ಲಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ 25, ಫಾಸ್ಫೇಟ್ 0.2 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು). ಲಾನ್‌ಮೋವರ್ ಬ್ಲೆನ್ನಿ ಇಲ್ಲವೇ ಯೆಲ್ಲೋ ಟ್ಯಾಂಗ್ ಹಾಕಿ, ವಾರದಲ್ಲಿ ಎಲ್ಲ ಕ್ಲೀನ್ ಅಂದರು ಅಂಗಡಿಯವರು. ಯಾವುದು ತರಲಿ?

ಉತ್ತರ: ಎರಡೂ ಬೇಡ ಮೇಡಂ.

ನಿಮ್ಮ ಟ್ಯಾಂಕಿನಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಗಾಜಿನ ಪೊರೆಗೆ ಮೀನಿದೆ. ಕಲ್ಲಿನ ಕೂದಲಿಗೆ ಮೊದಲು ನಿಮ್ಮ ಕೈ, ಆಮೇಲೆ ಮೀನು. ಬ್ಲೆನ್ನಿಯ ಬಾಯನ್ನು ಹತ್ತಿರದಿಂದ ನೋಡಿ: ದಪ್ಪ ತುಟಿ, ಒಳಗೆ ಬಾಚಣಿಗೆಯಂತೆ ಸಣ್ಣ ಹಲ್ಲಿನ ಸಾಲು. ಅದು ಕೆರೆಯುವ ಬಾಯಿ, ಹುಲ್ಲು ಮೇಯುವ ಬಾಯಲ್ಲ. ತೆಳು ಪೊರೆಯನ್ನು, ಆಗಷ್ಟೇ ಚಿಗುರಿದ ಪಾಚಿಯನ್ನು ಚೆನ್ನಾಗಿ ಕೆರೆದು ತಿನ್ನುತ್ತದೆ. ಉದ್ದ ಬೆಳೆದ ಕೂದಲನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಲಾನ್‌ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಅಂತ ಹೆಸರಿಟ್ಟವರು ಅಂಗಡಿಯವರಿಗೆ ಉಪಕಾರ ಮಾಡಿದರು, ನಮಗಲ್ಲ!

ಅದು ಬೆಳೆದರೆ 13-14 ಸೆಂ.ಮೀ. ಆಗುತ್ತದೆ. ನಿಮ್ಮ ಟ್ಯಾಂಕಿನ ಪೊರೆ ಅದಕ್ಕೆ ಕೆಲವೇ ದಿನದ ಊಟ.

ನಾನಾದರೆ ಟೇಲ್‌ಸ್ಪಾಟ್ ಬ್ಲೆನ್ನಿ ತರುತ್ತೇನೆ, ಒಂದೇ ಒಂದು. ಎಕ್ಸೀನಿಯಸ್ ಸ್ಟಿಗ್ಮಾಚುರ ಅಂತ ಅದರ ವೈಜ್ಞಾನಿಕ ಹೆಸರಿನಲ್ಲೇ ಕೇಳಿ, ಇಲ್ಲದಿದ್ದರೆ ಅದರ ಹತ್ತಿರದ ನೆಂಟ ಬೈಕಲರ್ ಬ್ಲೆನ್ನಿ ಕೈಗಿಡುತ್ತಾರೆ. ಬೈಕಲರ್ 10 ಸೆಂ.ಮೀ. ತನಕ ಬೆಳೆಯುತ್ತದೆ, ಜಗಳಗಂಟ ಕೂಡ. ಟೇಲ್‌ಸ್ಪಾಟ್ ಸುಮಾರು 6 ಸೆಂ.ಮೀ.ಗೆ ನಿಲ್ಲುತ್ತದೆ. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುತ್ತದೆ. ಕಲ್ಲಿನ ಒಂದು ತೂತು ಹಿಡಿದು, ತಲೆ ಮಾತ್ರ ಹೊರಗಿಟ್ಟು, ಬೀದಿ ನೋಡುವ ಮುದುಕರ ಹಾಗೆ ಕೂತಿರುತ್ತದೆ. ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಗಾಜು ನೋಡಿದರೆ ಗೊತ್ತಾಗುತ್ತದೆ. ಪೊರೆಯ ಮೇಲೆ ಮುತ್ತಿಟ್ಟಂಥ ಸಣ್ಣ ಸಣ್ಣ ಗುರುತು ಬಿದ್ದಿರುತ್ತವೆ.

ಕೊಳ್ಳುವಾಗ ಎರಡು ಕಡೆ ಕಣ್ಣಿಡಿ. ಹೊಟ್ಟೆ ಒಳಗೆ ಹೋಗಿರಬಾರದು, ಮತ್ತು ನಿಮ್ಮೆದುರೇ ಅದು ಏನಾದರೂ ತಿನ್ನಬೇಕು. ಟ್ಯಾಂಕಿಗೆ ಬಲೆಯ ಮುಚ್ಚಳ ಇರಲೇಬೇಕು, ಬ್ಲೆನ್ನಿಗಳು ಹಾರುತ್ತವೆ. ನೆಲದ ಮೇಲೆ ಒಣಗಿ ಬಿದ್ದದ್ದನ್ನು ನಾನೇ ಎತ್ತಿದ್ದೇನೆ.

ಇನ್ನು ಕೂದಲಿನ ವಿಚಾರ. ಮೀನು ಪಾಚಿ ತಿಂದರೆ ಫಾಸ್ಫೇಟ್ ಟ್ಯಾಂಕ್ ಬಿಟ್ಟು ಹೋಗುವುದಿಲ್ಲ, ಬಹುಪಾಲು ಹಿಕ್ಕೆಯಾಗಿ ಅಲ್ಲೇ ಬೀಳುತ್ತದೆ. ನೀವು ಕೈಯಲ್ಲಿ ಕಿತ್ತು ಎಸೆದದ್ದು ಮಾತ್ರ ನಿಜವಾಗಿ ಹೊರಗೆ ಹೋದದ್ದು. ಬಿಡಿಸಿಕೊಳ್ಳಲು ಬರುವ ಕಲ್ಲುಗಳನ್ನು ಬಕೆಟ್ಟಿನಲ್ಲಿ ಟ್ಯಾಂಕಿನದೇ ನೀರಲ್ಲಿಟ್ಟು, ಹಲ್ಲುಜ್ಜುವ ಹೊಸ ಬ್ರಷ್‌ನಿಂದ ಉಜ್ಜಿ. ಆ ನೀರು ಚೆಲ್ಲಿಬಿಡಿ. ಬುಡ ಮಾತ್ರ ಉಳಿಯಲಿ. ಆ ಮೋಟನ್ನು ಬ್ಲೆನ್ನಿಯೂ ಟ್ರೋಕಸ್ ಬಸವನಹುಳುಗಳೂ ತಿನ್ನುತ್ತವೆ. ಮೂರ್ನಾಲ್ಕು ಟ್ರೋಕಸ್ ಸಾಕು. ಮಗುಚಿ ಬಿದ್ದರೆ ತಾವೇ ಎದ್ದುಕೊಳ್ಳುತ್ತವೆ, ಅದೇ ಅವುಗಳ ದೊಡ್ಡ ಗುಣ.

ದಿನಕ್ಕೆ ಎಷ್ಟು ಸಲ ಊಟ ಹಾಕುತ್ತೀರಿ? ನೀರು ಯಾವುದು?

ಪ್ರಶ್ನೆ ಕೇಳಿದವರು: ಮೂರು ಸಲ ಸರ್. ಫ್ರೋಜನ್ ಮೈಸಿಸ್ (ಸಣ್ಣ ಸೀಗಡಿಯಂಥ ಮೀನಿನ ಆಹಾರ) ಕರಗಿಸಿ ಆ ನೀರಿನ ಸಮೇತ ಹಾಕುತ್ತೇನೆ. ಆರ್‌ಒ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 30 ಬರುತ್ತದೆ.

ಉತ್ತರ: ನಿಮ್ಮ ಪಾಚಿಗೆ ಊಟ ಬಡಿಸುತ್ತಿರುವವರು ನೀವೇ. ಮೈಸಿಸ್ ಅನ್ನು ಜರಡಿಯಲ್ಲಿ ಸೋಸಿ ಹಾಕಿ, ದಿನಕ್ಕೆ ಒಂದೇ ಸಲ. ಆರ್‌ಒ ಹಿಂದೆ ಒಂದು ಡಿಐ ಕಾರ್ಟ್ರಿಡ್ಜ್ (ಉಳಿದ ಲವಣಗಳನ್ನೂ ಹಿಡಿಯುವ ಫಿಲ್ಟರ್) ಸೇರಿಸಿ ಟಿಡಿಎಸ್ ಸೊನ್ನೆಗೆ ತನ್ನಿ. ಆದರೆ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವ ಹಟ ಬೇಡ. ಆಗ ಡೈನೋಫ್ಲಾಜೆಲೇಟ್ (ಕಂದು ಲೋಳೆಯಂತೆ ಹಬ್ಬುವ ಸೂಕ್ಷ್ಮಜೀವಿ) ಹತ್ತಿಕೊಂಡರೆ ಈ ಕೂದಲೇ ವಾಸಿಯಿತ್ತು ಅನಿಸುತ್ತದೆ. ನೈಟ್ರೇಟ್ 5-10, ಫಾಸ್ಫೇಟ್ 0.05ರ ಆಸುಪಾಸು ಇದ್ದರೆ ಹವಳಕ್ಕೂ ಹಿತ.

ಪ್ರಶ್ನೆ ಕೇಳಿದವರು: ಸರಿ ಸರ್. ಆದರೆ ಆ ಟ್ಯಾಂಗ್ ಮರಿ ಬರೀ 5 ಸೆಂ.ಮೀ. ಇದೆ. ದೊಡ್ಡದಾದ ಮೇಲೆ ವಾಪಸ್ ಕೊಟ್ಟರಾಯಿತು ಅನ್ನುತ್ತಾರೆ.

ಉತ್ತರ: ಕೂದಲು ಪಾಚಿ ಮೇಯುವುದರಲ್ಲಿ ಟ್ಯಾಂಗ್ ನಿಜಕ್ಕೂ ಗಟ್ಟಿಗ, ಅದನ್ನು ಒಪ್ಪುತ್ತೇನೆ. ಆದರೆ ಅದು 20 ಸೆಂ.ಮೀ. ಬೆಳೆಯುವ ಮೀನು. ದಿನವಿಡೀ ಈಜುತ್ತಲೇ ಇರಬೇಕು. ನಾಲ್ಕು ಅಡಿ ಉದ್ದದ ಟ್ಯಾಂಕಿಗಿಂತ ಚಿಕ್ಕದರಲ್ಲಿ ನಾನು ಯಾರಿಗೂ ಹಾಕಿಕೊಟ್ಟಿಲ್ಲ. ಇಕ್ಕಟ್ಟಿನಲ್ಲಿ ಸೊರಗಿದ ಟ್ಯಾಂಗಿಗೆ ಮೈಮೇಲೆ ಬಿಳಿ ಚುಕ್ಕೆ ರೋಗ ಬಂದರೆ ನಿಮ್ಮ ಕ್ಲೌನ್‌ಗಳಿಗೂ ಹರಡುತ್ತದೆ. ವಾಪಸ್ ಕೊಡಲು ಹವಳದ ನಡುವೆ ಅದನ್ನು ಹಿಡಿಯುವುದು ಹೇಗೆ ಅಂತಲೂ ಅವರನ್ನೇ ಕೇಳಿ.

ಇನ್ನೊಬ್ಬ ಸದಸ್ಯ: ನನ್ನ 300 ಲೀಟರಿನಲ್ಲಿ ಲಾನ್‌ಮೋವರ್ ಮೂರು ತಿಂಗಳು ಚೆನ್ನಾಗಿತ್ತು. ಕಲ್ಲೆಲ್ಲ ಸ್ವಚ್ಛ. ಈಗ ಹೊಟ್ಟೆ ಗುಳಿ ಬಿದ್ದಿದೆ, ಪೆಲೆಟ್ ಮುಟ್ಟುತ್ತಿಲ್ಲ.

ಉತ್ತರ: ಕಲ್ಲು ಸ್ವಚ್ಛವಾದ್ದೇ ಅದಕ್ಕೆ ಮುಳುವಾಯಿತು. ಹಿಂದಿನ ಗಾಜನ್ನು ಕೆರೆಯುವುದು ಇವತ್ತಿನಿಂದಲೇ ನಿಲ್ಲಿಸಿ, ಅದು ಅದರ ಹೊಲ ಅಂದುಕೊಳ್ಳಿ. ನೋರಿ (ಒಣಗಿಸಿದ ಸಮುದ್ರ ಪಾಚಿ) ಹಾಳೆಯನ್ನು ಚಪ್ಪಟೆ ಕಲ್ಲಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ಅದು ಕೂರುವ ಜಾಗದ ಹತ್ತಿರವೇ ಇಡಿ. ತೇಲುವ ಊಟ ಅದಕ್ಕೆ ಊಟ ಅಂತ ಗೊತ್ತಾಗುವುದೇ ಇಲ್ಲ; ಕಲ್ಲಿಗೆ ಅಂಟಿದ್ದರೆ ಕೆರೆಯಲು ಶುರುಮಾಡುತ್ತದೆ. ಬೇಗ ಮಾಡಿ, ಹೊಟ್ಟೆ ಪೂರ್ತಿ ಅಂಟಿಕೊಂಡ ಮೇಲೆ ಚೇತರಿಸಿಕೊಳ್ಳುವುದು ಕಷ್ಟ.

ಮತ್ತೊಬ್ಬ ಸದಸ್ಯೆ: ಸರ್, ಮರಳಿನ ಮೇಲೆ ಕೆಂಪು ಲೋಳೆ ಹಾಸಿದೆ. ಅದಕ್ಕೂ ಟೇಲ್‌ಸ್ಪಾಟ್ ಆಗುತ್ತದಾ?

ಉತ್ತರ: ಅದು ಪಾಚಿಯೇ ಅಲ್ಲ ಮೇಡಂ, ಸಯನೋಬ್ಯಾಕ್ಟೀರಿಯಾ. ಅದಕ್ಕೆ ಅಂತ ಮೀನು ತರಬೇಡಿ. ಪೈಪಿನಲ್ಲಿ ಎಳೆದು ತೆಗೆಯಿರಿ, ನೀರು ನಿಂತಲ್ಲೇ ನಿಲ್ಲದಂತೆ ಪಂಪಿನ ಮುಖವನ್ನು ಆ ಕಡೆ ತಿರುಗಿಸಿ. ಫೋಟೋ ಹಾಕಿದರೆ ಮುಂದಿನದು ಹೇಳುತ್ತೇನೆ.