ಕಾಯಿಲೆ ಬಂದವರ ಹೆಸರು ಹೇಳಬೇಕಾ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ನಾನು ಮಲೆನಾಡಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮಲ್ಲಿ ಇಬ್ಬರಿಗೆ ಮಂಗನ ಕಾಯಿಲೆ ಬಂದಿದೆ. “ಯಾರಿಗೆ, ಯಾವ ಮನೆ? ಯಾಕೆ ಮುಚ್ಚಿಡ್ತೀರಿ?” ಅಂತ ವಾಟ್ಸಾಪ್ ಗುಂಪಿನಲ್ಲಿ ಬೆನ್ನು ಬಿದ್ದಿದ್ದಾರೆ. ಅವರ ಹೆದರಿಕೆಯೂ ಸುಮ್ನೆ ಅಲ್ಲ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಆದ ಸಾವುಗಳನ್ನು ಯಾರೂ ಮರೆತಿಲ್ಲ. ಏನು ಮಾಡಲಿ?

ಉತ್ತರ 1: ಕೋವಿಡ್ ಶುರುವಾದಾಗ, 2020ರ ಮಾರ್ಚ್‌ನಲ್ಲಿ ದುಬೈನಿಂದ ಊರಿಗೆ ಬಂದವನು ನಾನು. ಕೈಗೆ ಸೀಲು ಒತ್ತಿದರು, ಗಂಟೆಗೊಂದು ಸೆಲ್ಫಿ ಕಳಿಸಿ ಅಂದರು. ಅದಕ್ಕೆಲ್ಲ ನನ್ನ ತಕರಾರಿರಲಿಲ್ಲ. ಆದರೆ ಕ್ವಾರಂಟೈನ್‌ನಲ್ಲಿದ್ದವರ ಪಟ್ಟಿ ವಿಳಾಸದ ಸಮೇತ ಎಲ್ಲರ ಮೊಬೈಲಿಗೂ ಬಂತು ನೋಡಿ, ಅಲ್ಲಿಂದ ಶುರು. ಹಾಲಿನ ಹುಡುಗ ಗೇಟಿನಾಚೆ ಕಲ್ಲಿನ ಮೇಲೆ ಪ್ಯಾಕೆಟ್ ಇಟ್ಟು ಓಡುತ್ತಿದ್ದ. ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ತೆರೆಯಲೇ ಇಲ್ಲ. ನನಗೆ ಸೋಂಕೇ ಇರಲಿಲ್ಲ!

ಇನ್ನೊಂದು ವಿಷಯ. ಆಗ ದಿನದ ಬುಲೆಟಿನ್‌ನಲ್ಲಿ ಸೋಂಕಿತರ ಹೆಸರು ಇರುತ್ತಿರಲಿಲ್ಲ, ಪಿ ನಂಬರ್ (ರೋಗಿಯ ಕ್ರಮಸಂಖ್ಯೆ) ಮಾತ್ರ. ಜೊತೆಗೆ ವಯಸ್ಸು, ಎಲ್ಲಿಂದ ಬಂದವರು ಅನ್ನೋದು ಇರುತ್ತಿತ್ತು. ಬೆಂಗಳೂರಿನಲ್ಲಿ ಅದು ನಡೆದೀತು. ಎಂಟು ಮನೆಯ ಕೇರಿಯಲ್ಲಿ “45 ವರ್ಷದ ಮಹಿಳೆ” ಅಂದರೆ ಹೆಸರು ಹೇಳಿದ ಹಾಗೇ ಅಲ್ವಾ?

ಉತ್ತರ 2: ಅಕ್ಕಾ, ನಾನು ಆಶಾ ಕಾರ್ಯಕರ್ತೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಕಾಡಿನ ಉಣುಗು (ರಕ್ತ ಹೀರುವ ಸಣ್ಣ ಹುಳು) ಕಚ್ಚಿ ಬರುವುದು. ಯಾವ ಮನೆ ಅಂತ ಗೊತ್ತಾಗಿ ಏನು ಉಪಯೋಗ? ಜನಕ್ಕೆ ಬೇಕಾದ್ದು ಕಾಡಿನ ವಿಳಾಸ. ನಾವು ಅಂಗನವಾಡಿ ಗೋಡೆಯ ಕಪ್ಪು ಹಲಗೆಯಲ್ಲಿ ಬರೆಯುತ್ತಿದ್ದೆವು: ಮಂಗ ಸತ್ತು ಬಿದ್ದಿದ್ದು ಎಲ್ಲಿ, ಯಾವತ್ತು, ಯಾವ ಸೊಪ್ಪಿನಬೆಟ್ಟಕ್ಕೆ ತರಗೆಲೆ ತರಲು ಹೋಗಬಾರದು, ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚುವ ಎಣ್ಣೆ ಎಷ್ಟು ಬಾಟಲಿ ಉಳಿದಿದೆ. ಎಷ್ಟು ಜನರ ರಕ್ತ ಕಳಿಸಿದ್ದೇವೆ, ಎಷ್ಟು ವರದಿ ಬಂದಿದೆ ಅನ್ನೋದನ್ನೂ. ಎಣ್ಣೆ ಖಾಲಿಯಾದರೆ ಖಾಲಿ ಅಂತಲೇ ಬರೆದೆವು. ಅದಕ್ಕೆ ಬೈಸಿಕೊಂಡಿದ್ದೂ ಉಂಟು. ಮುಚ್ಚಿಟ್ಟರು ಅಂತ ಮಾತ್ರ ಯಾರೂ ಅನ್ನಲಿಲ್ಲ.

ಉತ್ತರ 3: ಕೋವಿಡ್ ಸಮಯದಲ್ಲಿ ನಾನು ದಕ್ಷಿಣ ಕೊರಿಯಾದ ಸೋಲ್‌ನಲ್ಲಿದ್ದೆ. ಸೋಂಕಿತರು ಎಲ್ಲೆಲ್ಲಿ ಓಡಾಡಿದ್ದಾರೆ ಅಂತ ಫೋನಿಗೇ ಮೆಸೇಜ್ ಬರುತ್ತಿತ್ತು. 2020ರ ಮೇನಲ್ಲಿ ಅಲ್ಲಿನ ಇಟೆವಾನ್ ಬಡಾವಣೆಯ ಕ್ಲಬ್‌ಗಳಲ್ಲಿ ಕೋವಿಡ್ ಹರಡಿದಾಗ, ಆ ಕ್ಲಬ್‌ಗಳಿಗೆ ಹೋಗಿದ್ದ ಗುಟ್ಟು ಬಯಲಾಗುತ್ತೆ ಅಂತ ಹೆದರಿ ಎಷ್ಟೋ ಜನ ಟೆಸ್ಟಿಗೇ ಬರಲಿಲ್ಲ. ಕೊನೆಗೆ ನಗರಾಡಳಿತ ಹೆಸರು ಕೇಳದೆ, ಬರೀ ಫೋನ್ ನಂಬರ್ ಪಡೆದು ಟೆಸ್ಟ್ ಮಾಡಿತು. ಆಮೇಲೆ ಬರುವವರು ಜಾಸ್ತಿಯಾದರು. ನಿಮ್ಮಲ್ಲೂ ಜ್ವರ ಬಂದವರು ರಕ್ತ ಕೊಡಲು ಹೆದರುವ ಹಾಗಾಗಬಾರದು.

ಪ್ರಶ್ನೆ ಕೇಳಿದವರು: ಹಲಗೆ ನಾಳೆಯೇ ಹಾಕಿಸುತ್ತೇನೆ. ವಯಸ್ಸಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಅಂಟಿಸಿದ ನೋಟಿಸ್‌ನಲ್ಲಿ ಹೆಸರು ಬಿಟ್ಟು ವಯಸ್ಸು ಹಾಕಿದ್ದೆ. ಈಗಲೇ ಹೋಗಿ ಕಿತ್ತು ಬರುತ್ತೇನೆ.